ಸೂಜಿಮಾಮನ ಬೆಳಗಿನ ಹಾಡು

“ಇದಲ್ಲ ಕಣೆ, ಬೇರೆ ಯಾವುದೋ ಹಾಕಿದೀಯ,” ಎಂದರು ಸೂಜಿಮಾಮನ ಹೆಂಡತಿ, ಅವನ ಶಿಷ್ಯೆಗೆ. ಹಗಲಿನ ಖಾಲಿ ನೈಟ್‌ಕ್ಲಬ್ಬಿನಲ್ಲಿ, ಮೇಜುಗಳ ಮೇಲೆ ಬೋರಲು ಹಾಕಿದ ಕುರ್ಚಿಗಳ ನಡುವೆ, ಅವರೊಬ್ಬರೇ ಕೇಳುಗರು. ರೆಕಾರ್ಡನ್ನು ಮನೆಯಿಂದ ತಂದವರೂ ಅವರೇ. ಮಾಮ ತೀರಿಕೊಂಡ ಮೇಲೆ ಅದನ್ನು ಹಾಕುವವರಿಲ್ಲ, ಮನೆಯ ರೆಕಾರ್ಡ್ ಪ್ಲೇಯರ್ ತಮ್ಮ ಕೈಗೆ ಬಗ್ಗುವುದಿಲ್ಲ ಎಂದಿದ್ದರು.

ಶಿಷ್ಯೆಗೆ ಆ ರೆಕಾರ್ಡಿನ ಪರಿಚಯ ಚೆನ್ನಾಗಿಯೇ ಇತ್ತು. ಇಲ್ಲಿ ಡಿಜೆಯಾಗಿ ರೆಕಾರ್ಡುಗಳ ಮೇಲೆ ಸೂಜಿ ಇಡುತ್ತಿದ್ದ ಮಾಮ ಅವಳಿಗೆ ಕೆಲಸ ಕಲಿಸಲು ಶುರುಮಾಡಿದ ವಾರ, ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದಲ್ಲಿ ತಿರುಗಬೇಕಾದ ಅದನ್ನು ಅವಳು ಮೂವತ್ತಮೂರರಲ್ಲಿ ಬಿಟ್ಟಿದ್ದಳು. ಗಾಯಕಿಯ ದನಿ ಗಂಡಸಿನದಾಗಿ, ಕುಣಿಯುತ್ತಿದ್ದವರೆಲ್ಲ ನೀರಿನೊಳಗೆ ನಡೆಯುವವರಂತಾಗಿದ್ದರು. “ಒಳ್ಳೆ ಹಾಡಿಗೆ ನಿದ್ದೆಮಾತ್ರೆ ನುಂಗಿಸಿಬಿಟ್ಯಲ್ಲೇ,” ಎಂದು ಎಲ್ಲರೆದುರು ಗದರಿದ ಮಾಮ, ಅಂದೇ ಅದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಒಯ್ದಿದ್ದ. ಮತ್ತೆಂದೂ ಅವಳ ಕೈಗೆ ಕೊಡಲಿಲ್ಲ. ಹನ್ನೊಂದು ವರ್ಷ ಅದು ಅವಳನ್ನು ಒಳಗೊಳಗೇ ಚುಚ್ಚುತ್ತಿತ್ತು.

“ಹಾಡು ಇದೇ, ಅತ್ತೆ.”

“ಇಷ್ಟು ಅವಸರ ಎಲ್ಲಿತ್ತು ಇದಕ್ಕೆ? ಹಾಡೋನು ಗಂಡಸು. ಒಂದೊಂದು ಮಾತನ್ನೂ ಎಳೆದೆಳೆದು ಹಾಡ್ತಾನೆ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಕೇಳಿದೀನಿ, ನಂಗೆ ಗೊತ್ತಾಗಲ್ವ? ಅದಿಲ್ದೆ ನಿಮ್ಮ ಮಾಮನಿಗೆ ಬೆಳಗೇ ಆಗ್ತಿರಲಿಲ್ಲ.”

ಶಿಷ್ಯೆಯ ಬೆರಳು ತಾನಾಗಿಯೇ ವೇಗದ ಗುಂಡಿಯತ್ತ ಹೋಯಿತು. ನಲವತ್ತೈದರಿಂದ ಮೂವತ್ತಮೂರಕ್ಕೆ. ಗಾಯಕಿಯ ದನಿ ಮೆಲ್ಲಗೆ ಆಳಕ್ಕಿಳಿಯಿತು. ಕಿಟಕಿಯ ಬಿಸಿಲಲ್ಲಿ ತೇಲುತ್ತಿದ್ದ ಧೂಳೂ ನಿಧಾನವಾದಂತೆ ಕಂಡಿತು.

ಅತ್ತೆ ಕಣ್ಣು ಮುಚ್ಚಿದರು.

“ಹಾಂ, ಇದೇ. ಆಗ್ಲೇ ಏನೋ ತಪ್ಪು ಮಾಡಿದ್ದೆ ನೋಡು ನೀನು.”