ಮರಿಯ ಜಾಗ

ಓಟ ಮುಗಿಯುವ ಸುಣ್ಣದ ಗೆರೆಗೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಕೆಂಪಿ ಗಕ್ಕನೆ ನಿಂತುಬಿಟ್ಟಿತು. ಮಾನ್ವಿಯ ಬಯಲಿಗೆ ಬಯಲೇ ಹೋ ಎಂದು ಕೂಗಿತು. ಮೇಲೆ ಕುಳಿತಿದ್ದ ಕುರಿಗಾರ ಬೂದೆಪ್ಪ ಹಿಮ್ಮಡಿಯಿಂದ ಎಷ್ಟು ತಿವಿದರೂ ಕುದುರೆ ಅಲ್ಲಾಡಲಿಲ್ಲ. ಹಿಂತಿರುಗಿ ಏನನ್ನೋ ಹುಡುಕುತ್ತಿತ್ತು.

ಹಿಂದೆ ಒಂದು ಕುದುರೆಯೂ ಇರಲಿಲ್ಲ. ಆ ವರ್ಷ, ಅಂದರೆ ಎಂಬತ್ತೇಳನೇ ಇಸವಿಯಲ್ಲಿ, ದೇಶದ ತುಂಬ ಕುದುರೆಗಳಿಗೆ ಕೆಮ್ಮು, ಜ್ವರ ಹರಡಿ, ದೇವದುರ್ಗ, ರಾಯಚೂರಿನ ಓಟದ ಕುದುರೆಗಳೆಲ್ಲ ಲಾಯದಲ್ಲಿ ಮೂಗು ಸುರಿಸುತ್ತಿದ್ದವು. ಅಡವಿಯಲ್ಲೇ ಇದ್ದ ಕೆಂಪಿಯೊಂದೇ ಗಟ್ಟಿಯಾಗಿತ್ತು. "ಒಂದ ಓಡಿದ್ರೂ ಗೆರಿ ದಾಟಬೇಕು. ಅಂದ್ರನ ಬೆಳ್ಳಿ ಕಡಗ" ಎಂದಿದ್ದರು ಪಂಚರು.

"ಹೇರು ಹೊರೋ ಕುದ್ರಿ ಓಡ್ತದೇನ್ಲೇ?" ಯಾರೋ ನಕ್ಕರು. ಬೂದೆಪ್ಪನ ಹೆಂಡತಿ ಯಮನಮ್ಮನಿಗೆ ಆ ಮಾತಿನಿಂದಲೇ ಹೊಳೆಯಿತು. ಹಿಂಡಿನೊಂದಿಗೆ ಅಲೆಯುವಾಗ ದಾರಿಯಲ್ಲಿ ಹುಟ್ಟಿದ ಕುರಿಮರಿಗಳನ್ನು ಹೊರುವ ಬೆನ್ನು ಅದು. ಮರಿಯ ದನಿ ಕೇಳದಿದ್ದರೆ ಕೆಂಪಿ ತುಸು ದೂರ ಹೋಗಿ, ನಿಂತು ಹಿಂದೆ ನೋಡುತ್ತಿತ್ತು. ಅವಳು ಕಂಕುಳಲ್ಲಿದ್ದ ಎಳೆಮರಿಯನ್ನು ಅವುಚಿಕೊಂಡು ಗೆರೆಯಾಚೆ ಓಡಿ, ಅದರ ಕಿವಿ ಮೆಲ್ಲಗೆ ಹಿಂಡಿದಳು.

"ಮ್ಯಾ!"

ಕೆಂಪಿಯ ಕಿವಿಗಳು ನಿಮಿರಿದವು. ಮರುಕ್ಷಣ ಅದು ಧೂಳೆಬ್ಬಿಸುತ್ತ ನುಗ್ಗಿ ಬಂತು. ಬೂದೆಪ್ಪ ಕುದುರೆಯ ಕೊರಳಿಗೆ ಜೋತುಬಿದ್ದ. ಗೆರೆ ಹಿಂದೆ ಉಳಿಯಿತು, ಜನರ ರುಮಾಲುಗಳು ಮೇಲೆ ಹಾರಿದವು. ಕೆಂಪಿ ಮಾತ್ರ ಯಮನಮ್ಮನ ಮುಂದೆ ಮಗ್ಗುಲಾಗಿ ತಿರುಗಿ, ದಿನವೂ ನಿಲ್ಲುವಂತೆ ಬೆನ್ನು ಕೊಟ್ಟು ನಿಂತಿತು.

"ಗೆದ್ದಿವಿ ಯಮನೀ, ಗೆದ್ದಿವಿ!" ಬೂದೆಪ್ಪ ಮೇಲಿಂದಲೇ ಅರಚಿದ.

"ಮೊದಲ ಕೆಳಗ ಇಳೀರಿ," ಎಂದಳು ಯಮನಮ್ಮ, ಮರಿಯನ್ನು ಎತ್ತಿ ಹಿಡಿದು. "ಮರೀ ಜಾಗದಾಗ ಕುಂತೀರಿ."