ಬಾವಿಮರ ಬಿಟ್ಟು

ಬೆಳಗಾದರೆ ಮರ ಕಡಿಯುವವರು ಬರುತ್ತಾರೆ. ತೋಟದ ಯಾವ ತೆಂಗಿಗೆ ಸುಣ್ಣದ ಗುರುತು ಬೀಳಬೇಕೆಂದು ತೀರ್ಮಾನಿಸುವ ಅಧಿಕಾರ ಹೆಬ್ಬೂರಿನ ಆ ಮನೆಯಲ್ಲಿ ಈ ಸಲ ಲ್ಯಾಪ್‌ಟಾಪಿಗೆ ಹೋಗಿತ್ತು. ತುಮಕೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಸೊಸೆ ಶಾಂತಲಾ ಲೆಕ್ಕಾಚಾರಕ್ಕೆ ಬಳಸುವ 'ಆರ್' ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದಳು. ಹೊಸದಾಗಿ ಕಲಿತವರ ಕೈ ಸುಮ್ಮನಿರುವುದುಂಟೇ? ಅತ್ತೆ ಚಿಕ್ಕಮಾರಮ್ಮ ಒಂದೊಂದು ಮರದ ಹೆಸರು, ವಯಸ್ಸು, ಕಾಯಿಯ ಲೆಕ್ಕ ಹೇಳಿದ್ದರು. ಇವಳು ಅದನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಸಿಕೊಂಡಿದ್ದಳು.

ಶಾಂತಲಾ ಗುಂಡಿ ಒತ್ತಿ, ಕಡಿಯಬೇಕಾದ ಮರಗಳ ಹೆಸರು ಓದತೊಡಗಿದಳು. "ಮೂಲೆಮರ, ಜೋಡಿಮರ, ಕೆಂದೆಂಗು, ಗೇಟಿನ ಮರ, ಬಾವಿಮರ..." ಮುಗಿಯುವಂತೆಯೇ ಕಾಣಲಿಲ್ಲ.

"ಅಯ್ಯೋ, ನಿಲ್ಸವ್ವಾ! ಕೆಂದೆಂಗು ಇನ್ನೂ ಕೂಸು, ಕಾಯೇ ಬುಟ್ಟಿಲ್ಲ. ತೋಟಾನೇ ಬಯಲು ಮಾಡ್ತೀಯಾ?"

ಶಾಂತಲಾ ನಾಲಿಗೆ ಕಚ್ಚಿಕೊಂಡಳು. ಕಡಿಯಬೇಕಾದರೆ ಮರಕ್ಕೆ ವಯಸ್ಸಾಗಿರಬೇಕು, ಜೊತೆಗೆ ಕಾಯಿಯೂ ಕಮ್ಮಿಯಿರಬೇಕು. ಅವಳೋ ನಡುವೆ 'ಅಥವಾ' ಎನ್ನುವ ನೆಟ್ಟಗಿನ ಗೆರೆ ಹಾಕಿದ್ದಳು. ಆ | ಅಳಿಸಿ, 'ಮತ್ತು' ಎನ್ನುವ & ಹಾಕಿದಳು. ಎರಡೇ ಹೆಸರು ಉಳಿದವು: ಮೂಲೆಮರ, ಬಾವಿಮರ.

ಚಿಕ್ಕಮಾರಮ್ಮ ಬಾವಿಯ ಕಡೆ ತಿರುಗಿ ನೋಡಿದರು. ಮನೆಗೆ ಬಂದ ಹೊಸ ಸೊಸೆಯ ಕೈಯಿಂದ ಒಂದು ತೆಂಗಿನ ಸಸಿ ನೆಡಿಸುವುದು ಆ ಮನೆಯ ಪದ್ಧತಿ. ಬಾವಿಮರ ಅವರು ಸೊಸೆಯಾಗಿ ಬಂದಾಗ ನೆಟ್ಟದ್ದು. ಶಾಂತಲಾಗೆ ಅದು ಗೊತ್ತಿತ್ತು.

"ಈ ಸಲ ಸರಿಯಾಗೇ ಹೇಳೈತೆ ಬುಡು. ಅದು ಕಾಯಿ ಬುಟ್ಟು ಯಾವ ಕಾಲ ಆಯ್ತೋ," ಎನ್ನುತ್ತಾ ಚಿಕ್ಕಮಾರಮ್ಮ ಸುಣ್ಣದ ಡಬ್ಬಿ ಕೈಗೆತ್ತಿಕೊಂಡರು.

"ಕೂತ್ಕೊಳಿ ಅತ್ತೆ, ಇನ್ನೂ ಮುಗಿದಿಲ್ಲ." ಶಾಂತಲಾ ಇನ್ನೊಂದು & ಹಾಕಿ, ಬಾವಿಮರದ ಹೆಸರು ಬರೆದು, ಅದರ ಮುಂದೆ != ಒತ್ತಿದಳು. ಈಗ ಮೂಲೆಮರವೊಂದೇ ಬಂತು.

"ಅದೇನೇ ಹಾಕಿದ್ದು?"

"ಇದೊಂದನ್ನ ಬಿಟ್ಟು ಅಂತ."

"ಯಾಕೆ ಅಂತ ಕೇಳಲ್ವಾ ಅದು?"

"ಕೇಳಲ್ಲ ಅತ್ತೆ."

ಚಿಕ್ಕಮಾರಮ್ಮ ಡಬ್ಬಿ ಕೆಳಗಿಟ್ಟು, ಪರದೆಯ ಮೇಲಿನ ಆ ಪುಟ್ಟ ಗುರುತನ್ನು ಬಗ್ಗಿ ನೋಡಿದರು.

"ನಂಗೂ ವಯಸ್ಸಾಯ್ತು, ಕೈಲಿ ಕೆಲ್ಸಾನೂ ಆಗಲ್ಲ. ನನ್ ಹೆಸ್ರಿನ್ ಮುಂದೂ ಅದನ್ನೊಂದ್ ಹಾಕಿ ಮಡಗು ಕಣವ್ವಾ."