ಹೆದರಲು ಕಲಿಸಿದ ಕಥೆ

೨೧೩೪ರ ಜನವರಿ ಹನ್ನೊಂದರಂದು ಕಾರವಾರದ ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ಹೆದರಿಕೆ ಬಲ್ಲವರು ಒಬ್ಬರೂ ಇರಲಿಲ್ಲ. ಅವರ ಪೀಳಿಗೆ ಹುಟ್ಟಿದ್ದೇ ಹಾಗೆ. ಹಿಂದಿನ ವರ್ಷ ಇಬ್ಬರು ನಗುತ್ತಲೇ ಅಲೆಗೆ ಹಾರಿ ಸತ್ತಿದ್ದರು. ಕಥೆ ಕೇಳಿ ಹೆದರಲು ಕಲಿತವರಿಗೆ ಮಾತ್ರ ದೋಣಿ ಹತ್ತುವ ಪರವಾನಗಿ. ಉಳಿದವರು ಜೀವನವಿಡೀ ಕಡಲಿಗಿಳಿಯದಂತೆ ಕಟ್ಟಿದ ಬೇಲಿಯೊಳಗೆ. ಅಂದು ದೋಣಿ ನಡೆಸುವ ತಾಂಡೇಲರ ಮಗಳು ಚಂಪಾಳಿಗೆ ಕೊನೆಯ ಅವಕಾಶ. ಗಣಿತದ ಮೇಷ್ಟ್ರಾದ ನಾನು ಆ ಪರೀಕ್ಷೆಗೆ ಸಾಕ್ಷಿಯಾಗಿ ಕುಳಿತಿದ್ದೆ.

ಸುಗಂಧಾ ಟೀಚರ್ ಕಥೆ ಓದತೊಡಗಿದರು. ಊರಿನಲ್ಲೇ ದೊಡ್ಡ ಮುತ್ತು ತನ್ನದಾಗಬೇಕೆಂದು ಈರ ಎಂಬವನು ಕಡಲ ತಳಕ್ಕಿಳಿದಿದ್ದ. ಚಿಪ್ಪು ಹತ್ತಿರವಿತ್ತು, ಉಸಿರು ಮುಗಿಯುತ್ತಿತ್ತು.

“ಇನ್ನೂ ಕೆಳಗೆ ಹೋಗ್ಲಿ ಟೀಚರ್!” ಎಂದು ದಾಮೋದರ ಕೂಗಿದ.

“ನೀನೇ ಹೋಗು ಮಾರಾಯ, ಹಗ್ಗ ನಾನು ಹಿಡ್ಕೊಳ್ತೇನೆ,” ಎಂದರು ಟೀಚರ್. ತರಗತಿ ನಕ್ಕಿತು.

ಅವರು ದನಿ ಏರಿಸಲಿಲ್ಲ. ಪ್ರತಿ ವಾಕ್ಯದ ನಂತರ ತಾವೇ ಉಸಿರು ಬಿಗಿಹಿಡಿದು ನಿಂತರು. ಆ ಮೌನ ಪ್ರತಿ ಸಲವೂ ತುಸು ಉದ್ದವಾಯಿತು. ಮಕ್ಕಳೂ ಅರಿವಿಲ್ಲದೆ ಉಸಿರು ಹಿಡಿದರು. ಅಷ್ಟು ಕರಾರುವಾಕ್ಕಾದ ಪಾಠವನ್ನು ನಾನೆಂದೂ ಮಾಡಿಲ್ಲ.

ಈರನ ಬೆರಳು ಚಿಪ್ಪಿಗೆ ತಾಗಿದಾಗ ಟೀಚರ್ ಓದು ನಿಲ್ಲಿಸಿದರು. ಚಂಪಾ ಎದ್ದು ನಿಂತಿದ್ದಳು.

“ಅದ್ನ ಬಿಟ್ಟು ಮೇಲೆ ಬಾರೋ! ಸಾಯ್ತೀಯಲ್ಲೋ!” ಎಂದು ಕಿರುಚಿದಳು.

ನಾನು ಪರವಾನಗಿಗೆ ಸಹಿ ಹಾಕಿದೆ.

“ಅವ ಮೇಲೆ ಬಂದ್ನಾ ಟೀಚರ್?” ಎಂದು ಚಂಪಾ ಕೇಳಿದಳು.

ಟೀಚರ್ ಪುಸ್ತಕ ಮುಚ್ಚಿದರು. “ಅದು ನಾನು ನಿಂಗೆ ಕೊಡಬೇಕಾದ ಬಾಕಿ. ನಾಳೆ ಕಡಲಿಗೆ ಹೋಗು. ಜೀವಂತ ವಾಪಸ್ ಬಂದು ಕೇಳು, ಹೇಳ್ತೇನೆ.”